ಕ್ರಿಯಾಟಿನಿನ್ ನಾರ್ಮಲ್ ಇದ್ದರೂ ಬೆಳಗಿನ ಮೂತ್ರ ಯಾಕೆ ಕೇಳುತ್ತೇನೆ?

ಟೈಪ್ ಒನ್ ಡಯಾಬಿಟಿಸ್ ಇರುವ ಮಕ್ಕಳ ಅಪ್ಪ ಅಮ್ಮ ನನಗೆ ಮೊದಲು ತೋರಿಸುವುದು ರಕ್ತದ ಕ್ರಿಯಾಟಿನಿನ್ ರಿಪೋರ್ಟ್. ಕಿಡ್ನಿ ಸೋಸಿ ಹೊರಹಾಕುವ ಕಸ ಅದು. "ನಾರ್ಮಲ್ ಇದೆ ಡಾಕ್ಟ್ರೇ, ಕಿಡ್ನಿ ಚೆನ್ನಾಗಿದೆ ಅಲ್ವಾ?" ಅಂತಾರೆ. ಅದೊಂದನ್ನೇ ನೋಡಿ ಹೌದು ಅನ್ನಲು ಆಗುವುದಿಲ್ಲ. ಶುಗರ್ ಜಾಸ್ತಿ ಇರುವ ಮೊದಲ ವರ್ಷಗಳಲ್ಲಿ ಕಿಡ್ನಿ ಎಷ್ಟೋ ಸಲ ಮಾಮೂಲಿಗಿಂತ ಹೆಚ್ಚೇ ಸೋಸುತ್ತದೆ. ಕ್ರಿಯಾಟಿನಿನ್ ಏರುವುದು ತುಂಬಾ ತಡವಾಗಿ. ಅದಕ್ಕೂ ಮೊದಲೇ ಮೂತ್ರದಲ್ಲಿ ಅಲ್ಬುಮಿನ್ ಎಂಬ ಪ್ರೋಟೀನ್ ಚೂರುಚೂರೇ ಸೋರತೊಡಗಿರುತ್ತದೆ. ಮೂತ್ರದಲ್ಲಿ ಅದ್ದಿ ನೋಡುವ ಮಾಮೂಲಿ ಪಟ್ಟಿ, ಅಂದರೆ ಡಿಪ್‌ಸ್ಟಿಕ್‌ಗೆ ಇದು ಸಿಗುವುದಿಲ್ಲ. ಹಾಗಾಗಿ ಎಸಿಆರ್, ಅಂದರೆ ಮೂತ್ರದ ಅಲ್ಬುಮಿನ್-ಕ್ರಿಯಾಟಿನಿನ್ ಅನುಪಾತ ಬರೆದುಕೊಡುತ್ತೇನೆ. 11 ವರ್ಷ ತುಂಬಿದ ಅಥವಾ ಪ್ರಾಯಕ್ಕೆ ಬರುತ್ತಿರುವ ಮಗುವಿಗೆ, ಕಾಯಿಲೆ ಶುರುವಾಗಿ 2ರಿಂದ 5 ವರ್ಷ ಆಗಿದ್ದರೆ, ವರ್ಷಕ್ಕೊಮ್ಮೆ.

ಕಷ್ಟವಿರುವುದು ಸ್ಯಾಂಪಲ್‌ನಲ್ಲಿ. ಬೆಳೆಯುವ ಮಕ್ಕಳಲ್ಲಿ ಕೆಲವರಿಗೆ ನಿಂತು ಓಡಾಡಿದರೇ ಸಾಕು, ಪ್ರೋಟೀನ್ ಸ್ವಲ್ಪ ಸೋರುತ್ತದೆ. ಮಲಗಿದರೆ ನಿಲ್ಲುತ್ತದೆ. ಅದು ರೋಗವಲ್ಲ. ಆದ್ದರಿಂದ ಬಾಟಲಿಯನ್ನು ಹಿಂದಿನ ದಿನವೇ ಕೊಡುತ್ತೇನೆ: ರಾತ್ರಿ ಮಲಗುವ ಮುಂಚೆ ಮೂತ್ರ ಮಾಡಬೇಕು, ಬೆಳಿಗ್ಗೆ ಎದ್ದ ತಕ್ಷಣದ್ದು ಹಿಡಿಯಬೇಕು. ಹದಿಮೂರರ ಹುಡುಗ ಹುಡುಗಿಯರು ಅದನ್ನು ಬಸ್ಸಿನಲ್ಲಿ ತರಲು ನಾಚುತ್ತಾರೆ, ಪಾಪ. ಜೊತೆಗೊಂದು ಕಂದು ಕವರ್ ಕೊಟ್ಟುಬಿಡುತ್ತೇನೆ. ಜ್ವರ, ಉರಿಮೂತ್ರ, ಮುಟ್ಟು ಇದ್ದರೆ ಅಥವಾ ಹಿಂದಿನ ದಿನ ಕಬಡ್ಡಿ ಪಂದ್ಯ ಆಡಿದ್ದರೆ ಟೆಸ್ಟ್ ಮುಂದಕ್ಕೆ.

ಎಸಿಆರ್ 30 ಮಿಲಿಗ್ರಾಂ ಪ್ರತಿ ಗ್ರಾಂಗಿಂತ ಕಡಿಮೆ ಬಂದರೆ ಸರಿ. 30ರಿಂದ 300 ಬಂದರೂ ಒಂದೇ ರಿಪೋರ್ಟ್ ನೋಡಿ ಸುಮ್ನೆ ಹೆದರಿಸುವುದಿಲ್ಲ. ಮೂರರಿಂದ ಆರು ತಿಂಗಳಲ್ಲಿ ಮೂರು ಸಲ ನೋಡಿ, ಎರಡರಲ್ಲಿ ಹೆಚ್ಚಿದ್ದರೆ ಮಾತ್ರ ಸೋರಿಕೆ ಅನ್ನುತ್ತೇನೆ. ಆ ತಿಂಗಳುಗಳಲ್ಲಿ ಇನ್ಸುಲಿನ್ ಡೋಸ್, ತಪ್ಪಿದ ಸೂಜಿಗಳು, ತೋಳಿಗೆ ಹೊಂದುವ ಪಟ್ಟಿಯಲ್ಲಿ ಬಿಪಿ ಎಲ್ಲ ನೋಡುತ್ತೇವೆ. ಶುಗರ್ ಬಿಗಿಯಾಗಿಟ್ಟರೆ ಈ ಸೋರಿಕೆ ಕಡಿಮೆಯಾಗುತ್ತದೆ ಎಂದು ಅಮೆರಿಕ, ಕೆನಡಾದ ಡಿಸಿಸಿಟಿ ಅಧ್ಯಯನ 1993ರಲ್ಲೇ ತೋರಿಸಿತ್ತು.

ಮಾತ್ರೆಗೆ ಆತುರವಿಲ್ಲ. ಎಸಿಆರ್ ತುಸು ಮೇಲಿದ್ದ 10ರಿಂದ 16ರ ಮಕ್ಕಳಿಗೆ ಎಸಿಇ ತಡೆ ಗುಂಪಿನ (ಬಿಪಿ ಇಳಿಸುವ) ಔಷಧ ಕೊಟ್ಟು ನೋಡಿದ ಆಡಿಟ್ (AdDIT) ಎಂಬ ಅಧ್ಯಯನದಲ್ಲಿ (2017) ಅನುಪಾತದ ಮೇಲೆ ಹೇಳಿಕೊಳ್ಳುವಂಥ ಪರಿಣಾಮ ಕಾಣಲಿಲ್ಲ. ಸೋರಿಕೆ ಖಚಿತವಾದವರಿಗೆ ಮಾತ್ರ ಅದೇ ಗುಂಪಿನ ಎನಲಾಪ್ರಿಲ್ ಕೊಡುತ್ತೇನೆ. ಹುಡುಗಿಯಾದರೆ ಇನ್ನೊಂದು ಮಾತು ಇದೆ. ಗರ್ಭದಲ್ಲಿರುವ ಮಗುವಿಗೆ ಈ ಮಾತ್ರೆ ಅಪಾಯ. ಅಮ್ಮನಿಗೆ ಮುಜುಗರವಾದರೂ ಸರಿ, ಅದನ್ನು ಹುಡುಗಿಗೇ ನೇರವಾಗಿ ಹೇಳುತ್ತೇನೆ.