ಹಳೆ ಮನೆಗೆ ಇಸವಿಯ ಫಲಕ ಹಾಕುವ ಮೊದಲು

ಸ್ಮಾರಕವಾಗಿ ಉಳಿಸಲು ಹೊರಟ ಮನೆಗೆ ಒಂದೇ ವಯಸ್ಸು ಇರುವುದು ಅಪರೂಪ. ಪಡಸಾಲೆ, ಮಹಡಿ, ಮಾಡು (ಛಾವಣಿ) ಬೇರೆ ಬೇರೆ ಕಾಲದವಾಗಿರಬಹುದು. ಹಾಗಾಗಿ ಕಾಗದ ಹೇಳುವುದನ್ನೂ ಗೋಡೆ ಹೇಳುವುದನ್ನೂ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳಿ.

ಮೊದಲು ಮನೆಯವರ ಪೆಟ್ಟಿಗೆಯಲ್ಲಿರುವ ಕ್ರಯಪತ್ರ, ವಿಭಾಗಪತ್ರ, ಕಂದಾಯದ ರಸೀದಿಗಳನ್ನು ನೋಡಿ. ಮನೆ ನಂಬರು ಬದಲಾಗುತ್ತಲೇ ಇರುತ್ತದೆ; ನಾಲ್ಕು ದಿಕ್ಕಿನ ಚಕ್ಕುಬಂದಿ ಹಿಡಿದು ಹುಡುಕಿ. ಸಬ್ ರಿಜಿಸ್ಟ್ರಾರ್ ಕಚೇರಿಯ ಕಂಪ್ಯೂಟರಿನಲ್ಲಿ ಸಿಗುವ ಈಸಿ (ಆಸ್ತಿಯ ನೋಂದಾಯಿತ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರ) ಸಾಮಾನ್ಯವಾಗಿ 2004ರಿಂದ ಈಚಿನದು. ಅದಕ್ಕಿಂತ ಹಿಂದಿನದಕ್ಕೆ ಹಳೆ ಪುಸ್ತಕಗಳನ್ನು ತೆಗೆಸಬೇಕು. ನಡುವೆ ಒಂದು ತಲೆಮಾರಿನ ದಾಖಲೆ ಇಲ್ಲದಿದ್ದರೆ ಮನೆ ಮಾರಾಟವಾಗಿತ್ತು ಎಂದುಕೊಳ್ಳಬೇಡಿ, ಪಾಲು ಬಾಯಿಮಾತಿನಲ್ಲೇ ಮುಗಿದಿರಬಹುದು. 1956ಕ್ಕೆ ಮುಂಚಿನ ಕಾಗದಗಳಿಗೆ ಆಗಿನ ಆಡಳಿತ ಯಾವುದೆಂದು ನೋಡಿ: ದಕ್ಷಿಣ ಕನ್ನಡ ಮದ್ರಾಸಿನದು, ಧಾರವಾಡ ಮುಂಬಯಿಯದು, ಬೀದರ್ ಹೈದರಾಬಾದಿನದು. ಧಾರವಾಡದ ಕಡೆ ಮೋಡಿ ಲಿಪಿ (ಮರಾಠಿ ಬರೆಯುತ್ತಿದ್ದ ಹಳೆಯ ಕೂಡುಬರಹ), ಬೀದರಿನ ಕಡೆ ಉರ್ದು ಓದಬಲ್ಲವರು ಬೇಕಾಗಬಹುದು.

ಇನ್ನು ಮನೆ. ಹೆಚ್ಚು ಜನ ಮೋಸಹೋಗುವುದು ಹೆಂಚಿನಲ್ಲಿ. ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮಂಗಳೂರು ಹೆಂಚಿನ ಮಾಡು ಅದಕ್ಕಿಂತ ಹಳೆಯದಾಗಲಾರದು. ಆದರೆ ಹೆಂಚಿನ ಮೇಲೆ ಅಚ್ಚಾದ ಇಸವಿ ಎಷ್ಟೋ ಸಲ ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಆ ಹೆಂಚು ಸುಟ್ಟ ವರ್ಷವಲ್ಲ. ಮೇಲಾಗಿ ನಾಡಹೆಂಚು ಇಳಿಸಿ ಮಂಗಳೂರು ಹೆಂಚು ಹೊದಿಸಿದ್ದರೆ ಅದು ಮಾಡಿನ ಕಾಲ ಹೇಳುತ್ತದೆ, ಗೋಡೆಯದನ್ನಲ್ಲ. ಬಾಗಿಲವಾಡದಲ್ಲಿ ಸಂವತ್ಸರದ ಹೆಸರಷ್ಟೇ ಕೆತ್ತಿದ್ದರೆ ಅದು 60 ವರ್ಷಕ್ಕೊಮ್ಮೆ ಮರಳುತ್ತದೆ: ಪ್ರಭವ ಎಂದರೆ 1867 ಆಗಬಹುದು, 1927ಕ್ಕೂ ಸಲ್ಲುತ್ತದೆ. ಜೊತೆಗೆ ಶಕವರ್ಷ ಇದ್ದರೆ ಅದಕ್ಕೆ 78 ಕೂಡಿಸಿ, ಇಸವಿ ಸಿಗುತ್ತದೆ. ಶಕವರ್ಷದ ಕೊನೆಯ ತಿಂಗಳುಗಳಿಗೆ 79.

ಎರಡು ಗೋಡೆ ಕೂಡುವಲ್ಲಿ ಕಲ್ಲು ಕಲ್ಲಿಗೆ ಹೆಣೆದಿದೆಯೇ, ನೆಟ್ಟಗೆ ಸಂದು ಬಿಟ್ಟಿದೆಯೇ ನೋಡಿ. ಸಂದು ಇದ್ದರೆ ಬಹುಮಟ್ಟಿಗೆ ಒಂದು ಗೋಡೆ ಆಮೇಲೆ ಸೇರಿದ್ದು.

ರಿಪೇರಿಯನ್ನೂ ದಾಖಲಿಸಿ. ಮೈಸೂರಿನ ಯಾದವಗಿರಿಯ ಆರ್.ಕೆ. ನಾರಾಯಣ್ ಮನೆಯನ್ನು 2011ರಲ್ಲಿ ಕೆಡವಲು ಶುರುಮಾಡಿದ್ದರು. ಆಮೇಲೆ ಉಳಿಸಿಕೊಂಡು, ದುರಸ್ತಿ ಮಾಡಿ 2016ರಲ್ಲಿ ಮ್ಯೂಸಿಯಮ್ಮಾಗಿ ತೆರೆಯಲಾಯಿತು. ಇಂಥ ಕಡೆ ಯಾವ ಭಾಗ ಹಳೆಯದು, ಯಾವುದು ಮತ್ತೆ ಕಟ್ಟಿದ್ದು ಎಂದು ನಕ್ಷೆಯಲ್ಲಿ ಬೇರೆ ಬೇರೆ ಬಣ್ಣದಲ್ಲಿ ಗುರುತಿಸಬೇಕು.

ಎರಡು ಬೇರೆ ಬೇರೆ ಆಧಾರ ಒಂದಕ್ಕೊಂದು ಹೊಂದಿದಾಗ ಮಾತ್ರ ಫಲಕದಲ್ಲಿ ಖಚಿತ ಇಸವಿ ಬರೆಯಿರಿ. ಇಲ್ಲವಾದರೆ ‘ಸುಮಾರು’ ಸೇರಿಸಿ. ಗಾರೆ ಕಿತ್ತ ದಿನವೇ ಸಂದುಗಳ ಫೋಟೊ ತೆಗೆಯಿರಿ, ಮತ್ತೆ ಗಾರೆ ಹಚ್ಚಿದ ಮೇಲೆ ಅವು ಸಿಗುವುದಿಲ್ಲ.