ಬೇಸ್‌ಮೆಂಟಿನಲ್ಲಿ ಒಣಗಿದ ಮುಖ

ನಾನು ಮಾಡಿದ ಮೊದಲ ಮಾಸ್ಕ್ ನನ್ನ ತಲೆಗೇ ಹೋಗಲಿಲ್ಲ. ಎರಡು ತಿಂಗಳು ಬೇಸ್‌ಮೆಂಟಿನಲ್ಲಿ ಕೂತು ಮಣ್ಣು ಮೆತ್ತಿ, ಪ್ಲಾಸ್ಟರ್ ಕಲಸಿ, ಲ್ಯಾಟೆಕ್ಸ್ (ರಬ್ಬರ್ ಹಾಲು) ಸುರಿದು, ಕೊನೆಗೆ ಹೊರಗೆ ಬಂದ ಆ ಗಾಬ್ಲಿನ್ (ಕಥೆಗಳ ಕುಳ್ಳ ಭೂತ) ಮುಖ ಒಂಬತ್ತು ವರ್ಷದ ಮಗಳಿಗೆ ಹೇಳಿ ಮಾಡಿಸಿದ ಹಾಗೆ ಕೂತಿತು. ಅವಳಿಗೆ ಅದು ಬೇಡ. ಅವಳು ಕೇಳಿದ್ದು ಚಿಟ್ಟೆ ರೆಕ್ಕೆ.

ನಾವಿರುವುದು ಅಮೆರಿಕದ ಒಹಾಯೊದಲ್ಲಿ, ಕೊಲಂಬಸ್ ಪಕ್ಕದ ಒಂದು ಊರು. ಹ್ಯಾಲೋವೀನ್ ಹಬ್ಬಕ್ಕೆ ಮಕ್ಕಳು ವೇಷ ಹಾಕಿ ಮನೆಮನೆಗೆ ಹೋಗಿ ಕ್ಯಾಂಡಿ ಕೇಳುವ ಸಂಜೆಗೆ ಈ ಕಡೆ ಬೆಗ್ಗರ್ಸ್ ನೈಟ್ ಅನ್ನುತ್ತಾರೆ. ಕೆಲವು ವರ್ಷ ಅದು ಅಕ್ಟೋಬರ್ 31ರ ಬದಲು 30ಕ್ಕೇ ಬಂದುಬಿಡುತ್ತದೆ. ಆ ಸಂಜೆ ಬಾಗಿಲಲ್ಲಿ ಕ್ಯಾಂಡಿ ಹಂಚುವವರೂ ವೇಷ ಹಾಕುವುದುಂಟು. ನಾನು ಮೊದಲ ಎರಡು ವರ್ಷ ಅಂಗಡಿಯ ಅಗ್ಗದ ಮಾಸ್ಕ್ ಹಾಕಿದೆ. ಬಲೂನಿನ ಹಾಗೆ ತೆಳು, ಕಣ್ಣಿನ ತೂತು ಒಂದು ಕಡೆ, ನನ್ನ ಕಣ್ಣು ಇನ್ನೊಂದು ಕಡೆ. ಮೂರನೇ ವರ್ಷ, ನಾನೇ ಯಾಕೆ ಮಾಡಬಾರದು ಅನಿಸಿತು.

ಲ್ಯಾಟೆಕ್ಸ್ ಬಕೆಟ್ ಮನೆಗೆ ಬಂದು ಮುಚ್ಚಳ ತೆಗೆದಾಗ ಮೊದಲು ಅಮೋನಿಯಾ ಮೂಗಿಗೆ ಹೊಡೆಯಿತು. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು ನೋಡಿ, ಅದು ನನಗೆ ಗೊತ್ತಿದ್ದದ್ದು. ನಮ್ಮದು ಸುಳ್ಯದ ಕಡೆ. ಅಡಿಕೆ ತೋಟದ ಮೇಲಿನ ಗುಡ್ಡದಲ್ಲಿ ಅಪ್ಪನಿಗೆ ಸ್ವಲ್ಪ ರಬ್ಬರ್ ಉಂಟು. ಬೆಳಿಗ್ಗೆ ಬೇಗ ಮರದ ತೊಗಟೆ ಗೀರುವ ಟ್ಯಾಪಿಂಗ್, ಗೆರಟೆಯಲ್ಲಿ ಬಿದ್ದ ಹಾಲು ಬಕೆಟಿಗೆ, ಆಮೇಲೆ ಆ್ಯಸಿಡ್ ಹಾಕಿ ಒಡೆಸಿ, ಮೆಷಿನಿಗೆ ಕೊಟ್ಟು ಶೀಟು ಹೊಡೆದು, ಹೊಗೆಗೂಡಿನಲ್ಲಿ ನೇತುಹಾಕುವುದು. ನಾನು ರಜೆಯಲ್ಲಿ ಮೆಷಿನಿನ ಹಿಡಿ ತಿರುಗಿಸುತ್ತಿದ್ದೆ. ಬಿಳಿ ಶೀಟು ಕೆಲವು ದಿನದಲ್ಲಿ ಜೇನಿನ ಬಣ್ಣಕ್ಕೆ ತಿರುಗಬೇಕು. ಎಲ್ಲಾದರೂ ನಡುವೆ ಬಿಳಿ ಚುಕ್ಕೆ ಉಳಿದರೆ ಅಲ್ಲಿ ಇನ್ನೂ ನೀರುಂಟು ಅಂತ ಅರ್ಥ, ರೇಟು ಇಳಿಯುತ್ತದೆ. ಇಷ್ಟೆಲ್ಲ ನೋಡಿ ಬೆಳೆದವನಿಗೆ ಒಂದು ಮಾತು ಮೊದಲೇ ಹೊಳೆಯಬೇಕಿತ್ತು. ಲ್ಯಾಟೆಕ್ಸಿನ ಕೆಲಸವೆಲ್ಲ ನೀರು ಹೊರಗೆ ಕಳಿಸುವ ಕೆಲಸ. ನನಗೆ ಅದು ಹೊಳೆದದ್ದು ಎರಡು ಮಾಸ್ಕ್ ಹಾಳಾದ ಮೇಲೆ.

ಮೊದಲನೆಯದು ಯಾಕೆ ಚಿಕ್ಕದಾಯಿತು ಅಂದರೆ, ಲ್ಯಾಟೆಕ್ಸ್ ಒಣಗುವಾಗ ಕುಗ್ಗುತ್ತದೆ. ಹತ್ತರಲ್ಲಿ ಒಂದು ಪಾಲಿನ ತನಕವೂ ಕುಗ್ಗಬಹುದು. ನಾನು ನನ್ನ ತಲೆಯ ಅಳತೆ ತೆಗೆದು, ಅದೇ ಅಳತೆಗೆ ಮಣ್ಣು ಮೆತ್ತಿದ್ದೆ. ಹಾಲಿನಲ್ಲಿ ಸುಮಾರು ಅರ್ಧದಷ್ಟು ನೀರೇ ಇರುವಾಗ ಅದು ಹೋದ ಮೇಲೆ ಕುಗ್ಗದೆ ಇನ್ನೇನಾಗುತ್ತದೆ?

ಈಗ ಮಾಡುವ ಕ್ರಮ ಹೇಳುತ್ತೇನೆ. ವಿಗ್ ಇಡುವ ಥರ್ಮೋಕೋಲ್ ತಲೆಯೊಂದನ್ನು ಮರದ ಹಲಗೆಗೆ ಗಟ್ಟಿಯಾಗಿ ನಿಲ್ಲಿಸಿ, ಅದರ ಮೇಲೆ ನನ್ನ ತಲೆಗಿಂತ ಎರಡು ಬೆರಳು ದೊಡ್ಡದಾಗುವಂತೆ ಮಣ್ಣು ಕಟ್ಟುತ್ತೇನೆ. ಇದಕ್ಕೆ ವೆಡ್ ಕ್ಲೇ ಅಂತ ಸಿಗುತ್ತದೆ, ವಾಲ್ಟ್ ಡಿಸ್ನಿಯ ಪೂರ್ತಿ ಹೆಸರಿನ ಮೂರು ಮೊದಲಕ್ಷರ ಸೇರಿ ಆದ ಹೆಸರಂತೆ. ನೀರಿನ ಮಣ್ಣೇ, ಆದರೆ ಬೇಗ ಒಣಗುವುದಿಲ್ಲ, ರಾತ್ರಿ ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಮುಚ್ಚಿಟ್ಟರೆ ಮರುದಿನ ಮುಂದುವರಿಸಬಹುದು. ಆಫೀಸ್ ಮುಗಿಸಿ ಒಂದೊಂದು ಗಂಟೆ ಕೂರುವವರಿಗೆ ಇದೇ ಸರಿ. ಎಣ್ಣೆ ಮಣ್ಣು ಇನ್ನೂ ಚೆನ್ನಾಗಿ ಗೆರೆ ಹಿಡಿಯುತ್ತದೆ, ಆದರೆ ಬೆಲೆ ಜಾಸ್ತಿ.

ಮುಖದ ಆಕಾರ ತರುವುದು ನನಗೆ ಕಷ್ಟ ಅನಿಸಲಿಲ್ಲ. ಚರ್ಮ ತರುವುದೇ ಕಷ್ಟ. ಸುಮ್ನೆ ಕಡ್ಡಿಯಿಂದ ಸುಕ್ಕು ಗೀರಿದರೆ ಚಾಕುವಿನಿಂದ ಕೊಯ್ದ ಹಾಗೆ ಕಾಣುತ್ತದೆ. ಮಣ್ಣಿನ ಮೇಲೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲಿಂದ ಗೀರಬೇಕು, ಆಗ ಗೆರೆಯ ಅಂಚು ತಾನಾಗಿ ದುಂಡಗಾಗಿ ನಿಜವಾದ ಸುಕ್ಕು ಬರುತ್ತದೆ. ಚರ್ಮದ ರಂಧ್ರಗಳಿಗೆ ಕಿತ್ತಳೆ ಸಿಪ್ಪೆ. ಸಿಪ್ಪೆಯ ಹೊರಮೈಗೆ ನಾಲ್ಕು ಸಲ ಲ್ಯಾಟೆಕ್ಸ್ ಬಳಿದು, ಒಣಗಿದ ಮೇಲೆ ಸುಲಿದರೆ ಒಂದು ಅಚ್ಚು ಸಿಗುತ್ತದೆ. ಅದನ್ನು ಮೂಗು, ಕೆನ್ನೆಯ ಮೇಲೆ ಒತ್ತುತ್ತಾ ಹೋಗುವುದು. ಎಲ್ಲ ಕಡೆ ಒಂದೇ ಸಮ ಒತ್ತಬೇಡಿ. ಕನ್ನಡಿ ನೋಡಿಕೊಳ್ಳಿ, ಮೂಗಿನ ಪಕ್ಕದ ರಂಧ್ರ ಹಣೆಯಲ್ಲಿ ಇರುವುದಿಲ್ಲ.

ಆಮೇಲೆ ಇಡೀ ತಲೆಯ ಅಚ್ಚು. ಕಿವಿಯ ಹಿಂದಿನಿಂದ ನೆತ್ತಿಯ ಮೇಲೆ ಹಾದು ಆಚೆ ಕಿವಿಯ ತನಕ ಮಣ್ಣಿನ ಗೋಡೆ ಕಟ್ಟಿ, ಮೊದಲು ಮುಂಭಾಗಕ್ಕೆ ಪ್ಲಾಸ್ಟರ್ ಹಾಕಬೇಕು. ಅದು ಗಟ್ಟಿಯಾದ ಮೇಲೆ ಗೋಡೆ ತೆಗೆದು, ಪ್ಲಾಸ್ಟರ್ ಅಂಚಿಗೆ ವ್ಯಾಸಲೀನ್ ಹಚ್ಚಿ, ಹಿಂಭಾಗಕ್ಕೆ ಹಾಕಬೇಕು. ವ್ಯಾಸಲೀನ್ ಮರೆತರೆ ಎರಡೂ ಒಂದಾಗಿ ಕೂತುಬಿಡುತ್ತವೆ, ಆಮೇಲೆ ಸುತ್ತಿಗೆಯೇ ಗತಿ. ಪ್ಲಾಸ್ಟರ್ ಕಲಸುವಾಗ ಪುಡಿಯನ್ನು ನೀರಿಗೆ ಉದುರಿಸಬೇಕು, ಪುಡಿಗೆ ನೀರು ಸುರಿಯಬಾರದು. ಮೊದಲ ಪದರ ತೆಳು, ಬ್ರಷ್‌ನಿಂದ ಊದಿ ಊದಿ ಮೂಲೆಮೂಲೆಗೆ ತಳ್ಳಬೇಕು. ಅಲ್ಲಿ ಗಾಳಿಗುಳ್ಳೆ ಉಳಿದರೆ ಮಾಸ್ಕಿನ ಮುಖದ ಮೇಲೆ ನರಹುಲಿ ಬರುತ್ತದೆ. ಮೇಲಿನ ಪದರಕ್ಕೆ ಗೋಣಿ ಬಟ್ಟೆಯ ತುಂಡುಗಳನ್ನು ಪ್ಲಾಸ್ಟರಿನಲ್ಲಿ ಅದ್ದಿ ಹಾಸುತ್ತೇನೆ, ಇಲ್ಲದಿದ್ದರೆ ಬಿಡಿಸುವಾಗ ಬಿರುಕು. ಅರ್ಧ ಗಂಟೆಯಲ್ಲಿ ಅದು ಕೈಯಿಟ್ಟರೆ ಬಿಸಿ ಹತ್ತುವಷ್ಟು ಕಾಯುತ್ತದೆ, ಹೆದರಬೇಡಿ.

ಇನ್ನೊಂದು ಮಾತು. ಪ್ಲಾಸ್ಟರ್ ತೊಳೆದ ನೀರನ್ನು ಸಿಂಕಿಗೆ ಸುರಿಯಬೇಡಿ. ನಾನು ಸುರಿದೆ. ಪ್ಲಂಬರ್ ಬಂದು ಪೈಪ್ ಬಿಚ್ಚಿ, ಒಳಗಿನ ಬಿಳಿ ಕಲ್ಲಿನ ಉರುಳೆ ತೋರಿಸಿ, "ಇದು ಏನು?" ಅಂತ ಕೇಳಿದ. ಗಾಬ್ಲಿನ್ ಅಂತ ಹೇಳಲು ಬಾಯಿ ಬರಲಿಲ್ಲ.

ಅಚ್ಚು ಬಿಡಿಸುವಾಗ ಒಳಗಿನ ಮಣ್ಣಿನ ಮುಖ ಹರಿದು ಹೋಗುತ್ತದೆ. ತಿಂಗಳ ಕೆಲಸ ಬಾಚಿ ಬಕೆಟಿಗೆ ಹಾಕುವುದು. ಫೋಟೊ ತೆಗೆಯುವುದಾದರೆ ಮೊದಲೇ ತೆಗೆದಿಡಿ.

ನನ್ನ ಎರಡನೇ ಮಾಸ್ಕ್ ಹಾಳಾದದ್ದು ಇಲ್ಲಿಂದ ಮುಂದಕ್ಕೆ. ಪ್ಲಾಸ್ಟರ್ ಅಚ್ಚು ಕೆಲಸ ಮಾಡುವುದೇ ನೀರು ಕುಡಿದು. ಲ್ಯಾಟೆಕ್ಸ್ ಒಳಗೆ ಸುರಿದಾಗ ಗೋಡೆ ಅದರ ನೀರನ್ನು ಎಳೆದುಕೊಳ್ಳುತ್ತದೆ, ಗೋಡೆಗೆ ತಾಗಿದ ಹಾಲು ಅಲ್ಲೇ ಹೆಪ್ಪುಗಟ್ಟಿ ಚರ್ಮವಾಗುತ್ತದೆ. ಹೊತ್ತು ಹೋದಂತೆ ಚರ್ಮ ದಪ್ಪ. ಹಾಗಾದರೆ ಅಚ್ಚಿನ ಹೊಟ್ಟೆ ಮೊದಲೇ ನೀರಿನಿಂದ ತುಂಬಿದ್ದರೆ? ನಾನು ಅಚ್ಚು ಬಿಡಿಸಿದ ನಾಲ್ಕನೇ ದಿನಕ್ಕೇ ಸುರಿದೆ, ಅಕ್ಟೋಬರ್ ಹತ್ತಿರ ಬಂದಿತ್ತಲ್ಲ. ಒಂದು ಗಂಟೆ ಕಾದರೂ ಚರ್ಮ ಹಾಲಿನ ಕೆನೆಯಷ್ಟೇ ದಪ್ಪ. ಎಳೆಯುವಾಗ ಮೂಗು ಅಚ್ಚಿನಲ್ಲೇ ಉಳಿಯಿತು, ಉಳಿದ ಮುಖ ಕೈಗೆ ಬಂತು.

ಅಪ್ಪನಿಗೆ ವಿಡಿಯೊ ಕಾಲಿನಲ್ಲಿ ತೋರಿಸಿದೆ. ಕನ್ನಡಕ ಹಣೆಗೇರಿಸಿ ಹತ್ತಿರದಿಂದ ನೋಡಿದರು.

"ಅದು ಎಂತ ಮಾರಾಯ, ಒಣಗದೆ ತೆಗೆದದ್ದಾ?"

"ಹೌದು ಅಪ್ಪ, ಅರ್ಜೆಂಟಿತ್ತು."

"ಅರ್ಜೆಂಟ್ ನಿನಗೆ. ಅದಕ್ಕೆಂತ ಅರ್ಜೆಂಟ್?"

ಈಗ ಅಚ್ಚನ್ನು ಕನಿಷ್ಠ ಎರಡು ವಾರ ಫ್ಯಾನಿನ ಮುಂದೆ ಇಡುತ್ತೇನೆ, ಬೇಸ್‌ಮೆಂಟಿನಲ್ಲಿ ಗಾಳಿಯ ತೇವ ಎಳೆಯುವ ಡಿಹ್ಯುಮಿಡಿಫೈಯರ್ ಓಡುತ್ತಿರುತ್ತದೆ. ಒಣಗಿತೋ ಇಲ್ಲವೋ ತಿಳಿಯಲು ಕೆನ್ನೆ ಸಾಕು. ಅಚ್ಚಿಗೆ ಕೆನ್ನೆ ಒತ್ತಿದಾಗ ತಣ್ಣಗೆ ಅನಿಸಿದರೆ ಒಳಗೆ ಇನ್ನೂ ನೀರುಂಟು. ಹೆಂಡತಿ ಒಂದು ರಾತ್ರಿ ಕೆಳಗೆ ಬಂದವಳು ನಾನು ಪ್ಲಾಸ್ಟರ್ ಗಡ್ಡೆಗೆ ಕೆನ್ನೆ ಒತ್ತಿ ಕಣ್ಣು ಮುಚ್ಚಿ ನಿಂತದ್ದನ್ನು ನೋಡಿ, ಏನೂ ಕೇಳದೆ ಮೇಲೆ ಹೋದಳು.

ಸುರಿಯುವ ದಿನ ಕಿಟಕಿ ತೆರೆದು, ಅಮೋನಿಯಾ ತಡೆಯುವ ರೆಸ್ಪಿರೇಟರ್ ಹಾಕಿಕೊಳ್ಳುತ್ತೇನೆ. ಅಚ್ಚಿನ ಎರಡು ಭಾಗ ಸೇರಿಸಿ ಬೆಲ್ಟಿನಿಂದ ಬಿಗಿದು, ಸಂದಿಗೆ ಹೊರಗಿನಿಂದ ಮಣ್ಣು ಮೆತ್ತಿ, ತಲೆಕೆಳಗಾಗಿ ಒಂದು ಬಕೆಟಿನಲ್ಲಿ ಕೂರಿಸುವುದು. ಕುತ್ತಿಗೆಯ ತೂತು ಮೇಲೆ ಬರುತ್ತದೆ. ಬಳಸುವುದು ಮಾಸ್ಕಿಗೆಂದೇ ಮಾಡಿದ ಲ್ಯಾಟೆಕ್ಸ್, ಮೊದಲೇ ವಲ್ಕನೈಸ್ ಆದದ್ದು (ರಬ್ಬರ್ ಗಟ್ಟಿಯಾಗಿ ಬಾಳುವಂತೆ ಹದ ಮಾಡಿದ್ದು), ಬೇಯಿಸುವ ಕೆಲಸವಿಲ್ಲ. ಮೂಗು, ಕಿವಿ, ತುಟಿಯ ಹೊಂಡಗಳಿಗೆ ಮೊದಲು ಬ್ರಷ್‌ನಿಂದ ಬಳಿದು, ಆಮೇಲೆ ಒಂದೇ ಬದಿಯಿಂದ ನಿಧಾನಕ್ಕೆ, ಎಣ್ಣೆ ಹೊಯ್ದ ಹಾಗೆ ಸುರಿಯಬೇಕು. ಬ್ರಷ್ಷನ್ನು ಮೊದಲು ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ಅದ್ದಿಕೊಳ್ಳಿ, ಇಲ್ಲದಿದ್ದರೆ ಆ ಬ್ರಷ್ ಅಂದಿಗೇ ಮುಗಿಯಿತು. ಬಟ್ಟೆಗೆ ಬಿದ್ದರೂ ಅಷ್ಟೇ, ರಬ್ಬರ್ ತೋಟಕ್ಕೆ ಹೋಗುವವರ ಅಂಗಿ ನೋಡಿದವರಿಗೆ ಗೊತ್ತು.

ಸುರಿದು ಮುಗಿದ ಮೇಲೆ ಸುಮಾರು ಮುಕ್ಕಾಲು ಗಂಟೆ. ಗೋಡೆ ನೀರು ಕುಡಿದಂತೆ ಹಾಲಿನ ಮಟ್ಟ ಕಣ್ಣೆದುರಿಗೇ ಇಳಿಯುತ್ತದೆ, ಮೇಲಿನಿಂದ ಸ್ವಲ್ಪ ಸ್ವಲ್ಪ ಸೇರಿಸುತ್ತಿರಬೇಕು. ಇಡೀ ಕೆಲಸದಲ್ಲಿ ನನಗೆ ತುಂಬ ಇಷ್ಟದ ಹೊತ್ತು ಇದೇ. ಕುತ್ತಿಗೆಯ ಅಂಚಿನಲ್ಲಿ ಉಗುರಿನಿಂದ ಮೆಲ್ಲಗೆ ಬಿಡಿಸಿ ನೋಡಿದರೆ ಚರ್ಮ ಎಷ್ಟು ದಪ್ಪ ಕಟ್ಟಿದೆ ಅಂತ ತಿಳಿಯುತ್ತದೆ. ಸಾಕು ಅನಿಸಿದಾಗ ಉಳಿದ ಹಾಲನ್ನು ಜರಡಿಯ ಮೂಲಕ ವಾಪಸ್ ಬಕೆಟಿಗೆ ಸುರಿದು, ಅಚ್ಚನ್ನು ಎರಡು ಕೋಲಿನ ಮೇಲೆ ಬೋರಲು ಹಾಕುವುದು. ಮೂಗಿನ ತುದಿಯಲ್ಲಿ ಹಾಲು ನಿಲ್ಲದಂತೆ ಆಗಾಗ ತಿರುಗಿಸಬೇಕು. ಅಲ್ಲಿ ನಿಂತರೆ ಮೇಲೆ ಒಣಗಿ ಒಳಗೆ ಹಸಿ ಉಳಿಯುತ್ತದೆ, ಅದೇ ಶೀಟಿನ ಬಿಳಿ ಚುಕ್ಕೆಯ ಕಥೆ. ಒಂದು ದಿನ ಫ್ಯಾನ್, ಬೇಕಾದರೆ ಎರಡು ದಿನ. ಹಾಲಿನ ಬಿಳಿ ಹೋಗಿ ಬೆಣ್ಣೆಯ ಬಣ್ಣ ಬಂದ ಮೇಲೆ ಒಳಗೆಲ್ಲ ಟಾಲ್ಕಂ ಪೌಡರ್ ಹಾಕಿ ನಿಧಾನಕ್ಕೆ ಎಳೆಯಿರಿ. ಪೌಡರ್ ಇಲ್ಲದೆ ಎರಡು ಕೆನ್ನೆ ಒಂದಕ್ಕೊಂದು ತಾಗಿದರೆ ಮತ್ತೆ ಬಿಡಿಸಲು ಬರುವುದಿಲ್ಲ.

ಸೇರಿಕೆಯ ಗೆರೆ ಕತ್ತರಿಸಿ, ಒರಟು ಉಳಿದಲ್ಲಿ ಲ್ಯಾಟೆಕ್ಸ್ ಸವರುತ್ತೇನೆ. ಮೂಗಿನ ತೂತು, ಬಾಯಿ ತೆರೆಯದೆ ಯಾರೂ ಹಾಕಿಕೊಳ್ಳಬೇಡಿ, ಉಸಿರು ಕಟ್ಟುತ್ತದೆ. ಕೆಲವರಿಗೆ ಲ್ಯಾಟೆಕ್ಸ್ ಅಲರ್ಜಿ ಇರುತ್ತದೆ, ಬೇರೆಯವರಿಗೆ ಮಾಡಿಕೊಡುವ ಮುಂಚೆ ಕೇಳಿ.

ಬಣ್ಣದ ಬಗ್ಗೆ. ಬರೀ ಅಕ್ರಿಲಿಕ್ ಹಚ್ಚಿದರೆ ಮುಖ ಮಡಚಿದ ಕೂಡಲೇ ಹಪ್ಪಳದ ಹಾಗೆ ಒಡೆದು ಉದುರುತ್ತದೆ. ಪ್ರೋಸ್‌ಏಡ್ ಅನ್ನುವ ಚರ್ಮಕ್ಕೆ ಅಂಟಿಸುವ ಗೋಂದನ್ನು ಅಕ್ರಿಲಿಕ್‌ಗೆ ಬೆರೆಸಿದರೆ ಚರ್ಮದ ಜೊತೆಗೇ ಎಳೆಯುವ ಬಣ್ಣ ಆಗುತ್ತದೆ. ಹಾಲಿವುಡ್ ಮೇಕಪ್ ಕಲಾವಿದ ಡಿಕ್ ಸ್ಮಿತ್ ಕಂಡುಹಿಡಿದ ಉಪಾಯ ಇದು, ಪ್ಯಾಕ್ಸ್ ಅನ್ನುತ್ತಾರೆ. ಒಣಗಿದರೂ ಅಂಟು ಅಂಟು ಇರುತ್ತದೆ, ಪೌಡರ್ ಹಾಕಬೇಕು. ಮೊದಲು ಇಡೀ ಮುಖಕ್ಕೆ ಕೊಳೆ ಹಸಿರು, ಆಮೇಲೆ ಸುಕ್ಕಿನೊಳಗೆ ತೆಳು ಕಂದು ಇಳಿಸಿ ಒರೆಸುವುದು, ಕೊನೆಗೆ ಒಣ ಬ್ರಷ್‌ನಿಂದ ಉಬ್ಬಿದ ಜಾಗಕ್ಕೆ ತಿಳಿ ಬಣ್ಣ. ಹಗಲಿನಲ್ಲಿ ನೋಡಿದರೆ ಅತಿಯಾಯಿತು ಅನಿಸಬೇಕು. ರಾತ್ರಿ ಮನೆ ಬಾಗಿಲ ಬಲ್ಬಿನ ಬೆಳಕಿನಲ್ಲಿ ಅದು ಅರ್ಧಕ್ಕಿಳಿಯುತ್ತದೆ. ಯಕ್ಷಗಾನದ ಚೌಕಿಯಲ್ಲಿ (ಬಣ್ಣ ಹಚ್ಚುವ ಕೋಣೆ) ರಾಕ್ಷಸರ ಬಣ್ಣದ ವೇಷದವರನ್ನು ಹತ್ತಿರದಿಂದ ನೋಡಿದ್ದರೆ ಈ ಲೆಕ್ಕ ಬೇಗ ಅರ್ಥ ಆಗುತ್ತದೆ.

ಕಣ್ಣಿಗೆ ಮಾತ್ರ ಎಷ್ಟು ಹೊತ್ತು ಕೊಟ್ಟರೂ ಕಡಿಮೆ. 1978ರಲ್ಲಿ ಬಂದ ಹ್ಯಾಲೋವೀನ್ ಸಿನಿಮಾದ ಕೊಲೆಗಾರನ ಮುಖ ಗೊತ್ತಲ್ವಾ, ಅದು ಅಂಗಡಿಯಿಂದ ತಂದ ಸ್ಟಾರ್ ಟ್ರೆಕ್ ಧಾರಾವಾಹಿಯ ಕ್ಯಾಪ್ಟನ್ ಕರ್ಕ್‌ನ ಮಾಸ್ಕ್. ಬಿಳಿ ಬಣ್ಣ ಹೊಡೆದರು, ಕಣ್ಣಿನ ತೂತು ದೊಡ್ಡದು ಮಾಡಿದರು, ಕೂದಲು ಕೆದರಿದರು. ಮುಗಿಯಿತು. ನಾನು ತೂತನ್ನು ಮೊದಲು ಚಿಕ್ಕದಾಗಿ ಕತ್ತರಿಸಿ, ಹಾಕಿ ನೋಡಿ, ಮತ್ತೆ ಕತ್ತರಿಸಿ, ರೆಪ್ಪೆಯ ಅಂಚು ನನ್ನ ಚರ್ಮಕ್ಕೆ ತಾಗುವ ತನಕ ಹೋಗುತ್ತೇನೆ. ಉಳಿದ ಸಂದಿ ಮುಚ್ಚಲು ನನ್ನ ಕಣ್ಣಿನ ಸುತ್ತ ಕಪ್ಪು. ಮೊದಲ ಸಲ ಹೆಂಡತಿಯ ಕಾಡಿಗೆ ಬಳಿದುಕೊಂಡಿದ್ದೆ. ಕಾಡಿಗೆಯ ಎಣ್ಣೆ ಲ್ಯಾಟೆಕ್ಸಿಗೆ ಆಗುವುದಿಲ್ಲ, ಮರುವರ್ಷ ನೋಡಿದರೆ ಕಣ್ಣಂಚು ಮೆತ್ತಗಾಗಿ ಉಬ್ಬಿತ್ತು. ಈಗ ಮೇಕಪ್ಪಿನ ಒಣ ಪುಡಿ.

ವೇಷ ಸುಲಭ. ಗೋಣಿ ಬಟ್ಟೆಯ ನಿಲುವಂಗಿ, ಕಡು ಚಹಾದಲ್ಲಿ ಒಂದು ರಾತ್ರಿ ನೆನೆಸಿ, ತೋಳಿನ ಅಂಚು, ಮೊಣಕೈ ಜಾಗವನ್ನು ಕೊಬ್ಬರಿ ತುರಿಯುವ ಹಲ್ಲಿಗೆ ಉಜ್ಜಿದರೆ ಹತ್ತು ವರ್ಷ ಹಳೆಯದಾಗುತ್ತದೆ. ಕೈಗೆ ಹತ್ತಿಯ ಗ್ಲೌಸ್, ಅದರ ಮೇಲೆ ಲ್ಯಾಟೆಕ್ಸ್ ಬಳಿದು, ಹತ್ತಿಯ ಎಳೆಗಳನ್ನು ನರದ ಹಾಗೆ ಅಂಟಿಸಿ, ಮತ್ತೆ ಬಳಿಯುವುದು. ಇಷ್ಟಕ್ಕೆ ಒಂದು ಶನಿವಾರ ಸಾಕು.

ಉಳಿದ ಅರ್ಧ ಬಕೆಟ್ ಲ್ಯಾಟೆಕ್ಸನ್ನು ಒಂದು ಚಳಿಗಾಲ ಗ್ಯಾರೇಜಿನಲ್ಲಿಟ್ಟಿದ್ದೆ. ಜನವರಿಯಲ್ಲಿ ಹೆಪ್ಪುಗಟ್ಟಿ, ಕರಗಿದ ಮೇಲೆ ನೋಡಿದರೆ ಒಡೆದ ಹಾಲು, ಗಂಟು ಗಂಟು ರಬ್ಬರ್, ಕೆಳಗೆ ನೀರು. ಅಪ್ಪ ನಕ್ಕದ್ದೇ ನಕ್ಕದ್ದು, "ಆ್ಯಸಿಡ್ ಖರ್ಚಿಲ್ಲದೆ ಶೀಟಿಗೆ ಆಯ್ತಲ್ಲ ನಿನಗೆ!" ಈಗ ಬಕೆಟ್ ಮನೆಯೊಳಗೆ, ಅಕ್ಕಿ ಡಬ್ಬದ ಪಕ್ಕ. ಹೆಂಡತಿಗೆ ಇದು ಇಷ್ಟವಿಲ್ಲ.

ಹೋದ ಸಲ ಊರಿಗೆ ಹೋಗುವಾಗ ಅಪ್ಪ ಒಂದು ಮಾಸ್ಕ್ ತರಲು ಹೇಳಿದ್ದರು. ತೋಟದಲ್ಲಿ ಮಂಗಗಳ ಕಾಟ. ತೋಟದ ಬದಿಯಲ್ಲಿ ಕೋಲು ನೆಟ್ಟು, ನನ್ನ ಹಳೇ ಅಂಗಿ ತೊಡಿಸಿ, ಮೇಲೆ ಗಾಬ್ಲಿನ್ ಮುಖ ಕೂರಿಸಿದೆವು. ಬಿಸಿಲು ಲ್ಯಾಟೆಕ್ಸಿನ ಶತ್ರು, ಜಾಸ್ತಿ ದಿನ ಬಾಳುವುದಿಲ್ಲ ಅಂತ ಹೇಳಿದ್ದೆ. ನಾಲ್ಕು ದಿನ ಮಂಗಗಳು ಆ ಕಡೆ ಸುಳಿಯಲಿಲ್ಲ, ಐದನೇ ದಿನ ಒಂದು ಬಂದು ಅದರ ಹೆಗಲ ಮೇಲೆ ಕೂತಿತಂತೆ. ಏಪ್ರಿಲ್ ಹೊತ್ತಿಗೆ ಅಪ್ಪ ಫೋಟೊ ಕಳಿಸಿದರು. ಹಣೆ ಬಿರಿದಿತ್ತು, ಒಂದು ಕಿವಿ ಇರಲಿಲ್ಲ. ಕೆಳಗೆ ಬರೆದಿದ್ದರು: "ಮೂಗು ಗಟ್ಟಿ ಉಂಟು. ಈ ಸಲ ಒಣಗಿಸಿದ್ದು ಸರಿಯಾಗಿದೆ."