ನಿಂತ ಕರುಳು ಮತ್ತೆ ಓಡುವಂತೆ ಮಾಡಿದ್ದು: ಮೊಲದ ಆರೈಕೆಯಲ್ಲಿ ನನ್ನ ಅನುಭವ

ಪದೇ ಪದೇ ಜಿಐ ಸ್ಟೇಸಿಸ್ (ಕರುಳಿನ ಓಟ ನಿಧಾನವಾಗಿ ನಿಂತುಹೋಗುವ ತೊಂದರೆ) ಬರುವ ಮೊಲ ಹೆಚ್ಚು ಕಾಲ ಉಳಿಯುವುದಿಲ್ಲ, ಸಿರಿಂಜಿನಲ್ಲಿ ಹುಲ್ಲಿನ ಪುಡಿಯ ಗಂಜಿ ಹಾಕುತ್ತಾ ಇರುವುದೊಂದೇ ದಾರಿ ಎಂದು ಮೊಲ ಸಾಕಿ ಪಳಗಿದವರೇ ನನಗೆ ಹೇಳಿದ್ದರು. ನಾನು ಊಟವನ್ನು ನಾಲ್ಕನೆಯದಾಗಿ ಇಟ್ಟುಕೊಂಡೆ. ಮೊದಲು ಮೈಕಾವು, ಆಮೇಲೆ ನೋವು, ಆಮೇಲೆ ನೀರು, ಅದಾದ ಮೇಲೆ ಗಂಜಿ. ಹಸಿದು ಬಿದ್ದಿರುವ ಪ್ರಾಣಿಗೆ ಊಟ ಕೊಡದೆ ಕಾಯುವುದು ಯಾವ ನ್ಯಾಯ ಎಂದವರು ಬಹಳ. ಆದರೆ ಫಲ ಕೊಟ್ಟಿದ್ದು ಈ ಕ್ರಮವೇ. ಎರಡು ಕೆ.ಜಿ. ಆಸುಪಾಸಿನ ನನ್ನ ಈ ಮೊಲ ಹೆಚ್ಚುಕಡಿಮೆ ತಿಂಗಳಿಗೊಮ್ಮೆ ಕಾಯಿಲೆ ಬಿದ್ದು ಮಲಗುತ್ತಿತ್ತು, ಈಗ ವರ್ಷ ದಾಟಿದರೂ ಅದರ ಕರುಳು ಪೂರ್ತಿ ನಿಂತಿದ್ದಿಲ್ಲ. ಹುಲ್ಲು, ಪೆಲೆಟ್ (ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೊಲದ ಆಹಾರ), ಮೆತ್ತನೆ ಹಿಕ್ಕೆ (ಮೊಲ ತಾನೇ ಮತ್ತೆ ತಿನ್ನುವ ಹಿಕ್ಕೆ) ಇವುಗಳ ಮೂಲಪಾಠ ನಿಮಗೆ ಗೊತ್ತಿದೆ ಎಂದುಕೊಂಡು ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ.

ಎಲ್ಲಕ್ಕಿಂತ ಮೊದಲು ತಿಳಿಯಬೇಕಾದದ್ದು, ಕರುಳು ನಿಧಾನವಾಗಿದೆಯೋ ಅಥವಾ ಕಟ್ಟಿಕೊಂಡಿದೆಯೋ ಎಂಬುದು. ಎರಡಕ್ಕೂ ಆರೈಕೆ ತೀರ ಬೇರೆ. ಕಟ್ಟಿಕೊಂಡ ಕರುಳಿಗೆ ಗಂಜಿ ಹಾಕಿದರೆ ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದದ್ದಕ್ಕೆ ಹಿಂದಕ್ಕೆ ದಾರಿಯಿಲ್ಲ. ನಿಧಾನವಾದ ಕರುಳಿನ ಲಕ್ಷಣ ಒಂದೆರಡು ದಿನ ಮೊದಲೇ ಕಾಣುತ್ತದೆ: ಹಿಕ್ಕೆ ಚಿಕ್ಕದಾಗುತ್ತದೆ, ಒಂದೊಂದು ಒಂದೊಂದು ಆಕಾರಕ್ಕೆ ಬರುತ್ತದೆ, ಮೊಲ ಪೆಲೆಟ್ ಮೂಸಿ ತಿನ್ನದೆ ಬಿಡುತ್ತದೆ. ಕಟ್ಟಿಕೊಂಡಿದ್ದರೆ ಬೆಳಿಗ್ಗೆ ಕುಣಿದಾಡಿದ ಮೊಲ ಮಧ್ಯಾಹ್ನದ ಹೊತ್ತಿಗೆ ಮೂಲೆ ಸೇರಿರುತ್ತದೆ. ಎಡಗಡೆ ಕೊನೆಯ ಪಕ್ಕೆಲುಬಿನ ಹಿಂದೆ ಬೆರಳಿಟ್ಟರೆ ಹೊಟ್ಟೆ ಬಿಗಿಯಾಗಿ ಸಿಗುತ್ತದೆ, ಒಸಡು ಬಿಳಿಚಿರುತ್ತದೆ, ಕಿವಿ ತಣ್ಣಗಿರುತ್ತದೆ.

ಇದರಲ್ಲಿ ನನ್ನ ಕೈ ಹಿಡಿದಿದ್ದು ಮನುಷ್ಯರು ಬಳಸುವ ಗ್ಲುಕೋಮೀಟರ್. ಕಿವಿಯಂಚಿನ ನರದಿಂದ ಒಂದೇ ಹನಿ ರಕ್ತ ಸಾಕು. ಮೊಲದ ರಕ್ತದ ಸಕ್ಕರೆ ಸಾಮಾನ್ಯವಾಗಿ (ಡೆಸಿಲೀಟರ್‌ಗೆ ಮಿ.ಗ್ರಾಂ ಲೆಕ್ಕದಲ್ಲಿ) 150ರೊಳಗೆ ಇರುತ್ತದೆ. ನೋವು, ಗಾಬರಿ ಇದ್ದರೆ 200 ದಾಟುವುದೂ ಉಂಟು. 360 ಮೇಲೆ ಹೋದರೆ ಕರುಳು ಕಟ್ಟಿಕೊಂಡಿರುವ ಶಂಕೆ ಬಲವಾಗುತ್ತದೆ. ಈ ಯಂತ್ರದ ಅಂಕಿ ಪ್ರಯೋಗಾಲಯದ ಅಂಕಿಗೆ ಸರಿಯಾಗಿ ಹೊಂದುವುದಿಲ್ಲ ಎಂದು ಕೆಲವರು ತಕರಾರು ತೆಗೆದರು. ಹೊಂದದಿದ್ದರೂ 130ಕ್ಕೂ 400ಕ್ಕೂ ಇರುವ ಅಂತರವನ್ನು ಅದು ತೋರಿಸಿಯೇ ತೋರಿಸುತ್ತದೆ, ಮನೆಯಲ್ಲಿ ನಮಗೆ ಬೇಕಾದದ್ದು ಅಷ್ಟೇ. ಅಂಕಿ ಮೇಲಿದ್ದರೆ, ಅಥವಾ ಅಂಕಿ ಎಷ್ಟೇ ಇರಲಿ ಹೊಟ್ಟೆ ಬಿಗಿದಿದ್ದರೆ, ಗಂಜಿಯೂ ಬೇಡ, ಕರುಳು ಓಡಿಸುವ ಸಿಸಪ್ರೈಡ್, ಮೆಟೊಕ್ಲೋಪ್ರಮೈಡ್‌ಗಳೂ ಬೇಡ, ಹೊಟ್ಟೆ ನೀವುವುದೂ ಬೇಡ. ಎಕ್ಸ್-ರೇ ಮತ್ತು ಶಸ್ತ್ರಚಿಕಿತ್ಸೆ ಎರಡೂ ಇರುವ ಕಡೆಗೆ ಹೊರಡಬೇಕು. ಇನ್ನು ಕಟ್ಟಿಕೊಳ್ಳದಿದ್ದರೂ 12 ತಾಸು ಏನನ್ನೂ ಮುಟ್ಟದ ಮೊಲವನ್ನು ನಾನು ಮನೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಬೊಜ್ಜಿನ ಮೊಲಕ್ಕಂತೂ ಉಪವಾಸದಲ್ಲಿ ಯಕೃತ್ತಿಗೆ ಕೊಬ್ಬು ತುಂಬಿ ಜೀವಕ್ಕೇ ಕುತ್ತು ಬರುತ್ತದೆ. ಮುಂದೆ ಬರೆದಿರುವುದೆಲ್ಲ ವೈದ್ಯರು ನೋಡಿ, ಕಟ್ಟಿಕೊಂಡಿಲ್ಲ ಎಂದು ಹೇಳಿದ ಮೇಲಿನ ಮಾತು.

ಮೈಕಾವು. ಮೊಲಕ್ಕೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್ ಸಹಜ. 38ಕ್ಕಿಂತ ಕೆಳಗಿಳಿದರೆ ಬೇರೆ ಎಲ್ಲ ಕೆಲಸ ಬಿಟ್ಟು ಕಾವು ಕೊಡುತ್ತೇನೆ. ತಣ್ಣಗಾದ ಮೈಯಲ್ಲಿ ರಕ್ತ ಚರ್ಮಕ್ಕೂ ಕರುಳಿಗೂ ಸರಿಯಾಗಿ ಹರಿಯುವುದಿಲ್ಲ, ಚರ್ಮದಡಿ ಹಾಕಿದ ದ್ರವ ಹಾಗೆಯೇ ನಿಂತುಬಿಡುತ್ತದೆ, ಗಂಜಿ ಹೊಟ್ಟೆಯಲ್ಲೇ ಕೂರುತ್ತದೆ. ಊಟವೇ ಮೊದಲು ಎನ್ನುವವರ ಮೊಲಗಳು ಎರಡನೇ ದಿನ ಉಬ್ಬರಿಸುವುದಕ್ಕೆ ಮುಖ್ಯ ಕಾರಣ ಇದೇ ಎಂಬುದು ನನ್ನ ದೃಢ ಅಭಿಪ್ರಾಯ. ಬಿಸಿನೀರಿನ ಬಾಟಲಿಗೆ ದಪ್ಪ ಟವೆಲ್ ಸುತ್ತಿ ಒಂದೇ ಮಗ್ಗುಲಿಗೆ ಇಡಬೇಕು, ಸಾಕೆನಿಸಿದಾಗ ಮೊಲ ದೂರ ಸರಿಯಲು ಜಾಗ ಇರಬೇಕು. ಅರ್ಧ ಗಂಟೆಗೊಮ್ಮೆ ಅಳೆದು 38.5 ಮುಟ್ಟಿದ ಕೂಡಲೇ ಬಾಟಲಿ ತೆಗೆಯಬೇಕು, ಏಕೆಂದರೆ ಮೊಲ ಸೆಕೆ ತಡೆಯದ ಪ್ರಾಣಿ. ಗುದದಲ್ಲಿ ಥರ್ಮಾಮೀಟರ್ ಇಡುವಾಗ ಹಿಂಗಾಲುಗಳನ್ನು ಮೈಗೆ ಒತ್ತಿ ಹಿಡಿಯಬೇಕು. ಒಮ್ಮೆ ಜೋರಾಗಿ ಒದ್ದರೆ ಬೆನ್ನುಮೂಳೆ ಮುರಿಯುವಷ್ಟು ಬಲ ಆ ಕಾಲುಗಳಲ್ಲಿದೆ.

ನೋವು. ಬೆನ್ನು ಗೂನಾಗಿಸಿ, ಕಣ್ಣು ಅರೆಮುಚ್ಚಿ, ಹಲ್ಲು ಕರಕರ ಎನಿಸುವ ಮೊಲಕ್ಕೆ ನೋವಿದೆ. ನೋವಿದ್ದಷ್ಟು ಹೊತ್ತು ಕರುಳು ಓಡುವುದಿಲ್ಲ. ಬಾಯಿಗೆ ಹಾಕಿದ ನೋವಿನ ಮದ್ದು ಮೆಲಾಕ್ಸಿಕ್ಯಾಮ್ ಪೂರ್ತಿ ಹಿಡಿಯಲು ಗಂಟೆಗಳೇ ಬೇಕು, ಹಾಗಾಗಿ ಮೊದಲ ಹೊತ್ತಿಗೆ ವೈದ್ಯರ ಇಂಜೆಕ್ಷನ್ನೇ ಆಗಬೇಕು. ಇಂಜೆಕ್ಷನ್ನಿನಲ್ಲಿ ಕೊಡುವ ನೋವಿನ ಮದ್ದು ಬ್ಯುಪ್ರೆನಾರ್ಫಿನ್ ಕರುಳನ್ನು ನಿಧಾನಗೊಳಿಸುತ್ತದೆ ಎಂದು ಹೆದರುವವರಿದ್ದಾರೆ. ಕೊಂಚ ನಿಧಾನಗೊಳಿಸುವುದು ನಿಜ, ಆದರೆ ನೋವು ಅದಕ್ಕಿಂತ ಹೆಚ್ಚು ನಿಲ್ಲಿಸುತ್ತದೆ. ಮೆಲಾಕ್ಸಿಕ್ಯಾಮ್ ವಿಷಯದಲ್ಲಿ ಮೂರು ಎಚ್ಚರ. ನಾಯಿಯ ಲೆಕ್ಕದಲ್ಲಿ ಕೊಟ್ಟರೆ ಮೊಲಕ್ಕೆ ಸಾಲದು, ಕೆ.ಜಿ.ಗೆ ಹೆಚ್ಚು ಬೇಕು. ಮಿ.ಲೀ.ಗೆ 0.5 ಮಿ.ಗ್ರಾಂ ಇರುವ ಬಾಟಲಿಯೂ ಸಿಗುತ್ತದೆ, 1.5 ಇರುವುದೂ ಸಿಗುತ್ತದೆ, ಅದಲುಬದಲಾದರೆ ಪ್ರಮಾಣ ಮೂರು ಪಟ್ಟು ಏರುಪೇರು. ಮೈ ಒಣಗಿರುವಾಗ ಕೊಟ್ಟರೆ ಮೂತ್ರಪಿಂಡಕ್ಕೆ ಪೆಟ್ಟು, ಆದ್ದರಿಂದ ನೀರು ಹತ್ತಿದ ಮೇಲೆಯೇ ಅದರ ಸರದಿ. ಮೊಲ ಚೆನ್ನಾಗಿರುವಾಗಲೇ ಅದರ ತೂಕಕ್ಕೆ ಎಷ್ಟು ಮಿ.ಗ್ರಾಂ, ಅದು ಯಾವ ಬಾಟಲಿಯಲ್ಲಿ ಎಷ್ಟು ಮಿ.ಲೀ. ಎಂದು ವೈದ್ಯರಿಂದ ಬರೆಸಿಟ್ಟುಕೊಳ್ಳಿ.

ನೀರು. ದಿನಕ್ಕೆ ಕೆ.ಜಿ.ಗೆ ಸುಮಾರು 100 ಮಿ.ಲೀ. ಎಂದಿಟ್ಟುಕೊಂಡರೆ ಈ ಗಾತ್ರದ ಮೊಲಕ್ಕೆ 200. ಇದರಲ್ಲಿ ಅರ್ಧದಷ್ಟನ್ನು ವೈದ್ಯರು ತೋರಿಸಿಕೊಟ್ಟಂತೆ ಚರ್ಮದಡಿ ರಿಂಗರ್ ಲ್ಯಾಕ್ಟೇಟ್ ಆಗಿ ಕೊಡುತ್ತೇನೆ, ಉಳಿದದ್ದು ಬಾಯಿಂದ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಮೈಯಷ್ಟೇ ಬೆಚ್ಚಗಾಗಿಸಿ, ಹೆಗಲುಗಳ ನಡುವೆ ಚರ್ಮವನ್ನು ಎತ್ತಿ ಹಿಡಿದು, 23 ಗೇಜಿನ ಬಟರ್‌ಫ್ಲೈ ಸೂಜಿಯಲ್ಲಿ ಒಂದು ಸಲಕ್ಕೆ 40–50 ಮಿ.ಲೀ. 21 ಗೇಜಿನ ದಪ್ಪ ಸೂಜಿಯಾದರೆ ಬೇಗ ಮುಗಿಯುತ್ತದೆ, ಆದರೆ ಚುಚ್ಚಿದ ತೂತಿನಿಂದ ಸೋರುವುದು ಹೆಚ್ಚು. ದ್ರವ ಮುಂಗಾಲಿನ ಕಡೆಗೆ ಜಾರಿ ಜೋಲಾಡಿದರೆ ಗಾಬರಿಯಾಗಬೇಕಿಲ್ಲ. ಆರು ತಾಸಾದರೂ ಆ ಉಬ್ಬು ಇಳಿಯದಿದ್ದರೆ ಮಾತ್ರ ಮೈಕಾವು ಮತ್ತೆ ನೋಡಬೇಕು, ನರಕ್ಕೆ ಡ್ರಿಪ್ ಹಾಕಿಸಬೇಕಾಗಬಹುದು. ಡೆಕ್ಸ್ಟ್ರೋಸ್ ದ್ರವವನ್ನು ಚರ್ಮದಡಿ ಹಾಕಬಾರದು.

ಈ ಮೂರೂ ಆದ ಮೇಲೆ ಗಂಜಿ. ಎಲ್ಲಕ್ಕೂ ಸೇರಿ ಮೂರು ನಾಲ್ಕು ತಾಸು ಹಿಡಿಯುತ್ತದೆ, ಆ ಮೂರು ನಾಲ್ಕು ತಾಸಿಗೇ ಜನ ನನ್ನನ್ನು ಬೈದದ್ದು. ಪೂರ್ತಿ ಪ್ರಮಾಣ ಸಲಕ್ಕೆ ಕೆ.ಜಿ.ಗೆ 10 ಮಿ.ಲೀ., ದಿನಕ್ಕೆ ಐದು ಸಲ. ಮೊದಲ ದಿನ ಅದರ ಅರ್ಧವೇ ಸಾಕು. ಮೊಲಕ್ಕೆಂದೇ ಬರುವ ಹುಲ್ಲಿನ ಪುಡಿಯ ಪಥ್ಯ ಸಿಕ್ಕರೆ ಒಳ್ಳೆಯದು, ಇಲ್ಲದಿದ್ದರೆ ಅದು ದಿನಾ ತಿನ್ನುವ ಪೆಲೆಟ್ಟನ್ನೇ ಬಿಸಿನೀರಿನಲ್ಲಿ ನೆನೆಸಿ ಕಲಸಬಹುದು. ಹೆಚ್ಚಿನವರು ಎಡವುವುದು ಮಿಕ್ಸಿಯಲ್ಲಿ. ಸಿರಿಂಜಿನ ಮೂತಿ ಕಟ್ಟಿಕೊಳ್ಳುತ್ತದೆಂದು ಗಂಜಿಯನ್ನು ಹಿಟ್ಟಿನಂತೆ ನುಣ್ಣಗೆ ರುಬ್ಬುತ್ತಾರೆ. ಅರ್ಧ ಮಿ.ಮೀ.ಗಿಂತ ಸಣ್ಣ ಕಣಗಳನ್ನು ದೊಡ್ಡಕರುಳು ಹಿಂದಕ್ಕೆ ಕುರುಡುಕರುಳಿಗೆ (ಸೀಕಮ್ ಎಂಬ ಚೀಲಕ್ಕೆ) ತಳ್ಳುತ್ತದೆ, ಅಲ್ಲಿ ಅವು ಸೂಕ್ಷ್ಮಾಣುಗಳಿಂದ ಹುದುಗುತ್ತವೆ. ಕರುಳನ್ನು ಮುಂದಕ್ಕೆ ಓಡಿಸುವುದು ದಪ್ಪ ನಾರು. ಅದಕ್ಕೇ ನಾನು ಗಂಜಿಯನ್ನು ತರಿತರಿಯಾಗಿಟ್ಟು, ಬದಲಿಗೆ 1 ಮಿ.ಲೀ. ಸಿರಿಂಜಿನ ತುದಿಯನ್ನೇ ಪೂರ್ತಿ ಕತ್ತರಿಸಿ, ಅಂಚನ್ನು ಉಜ್ಜಿ ನಯ ಮಾಡಿಕೊಳ್ಳುತ್ತೇನೆ. ಒಂದು ಸಲದ ಊಟಕ್ಕೆ ಹತ್ತಾರು ಬಾರಿ ತುಂಬಿಸಬೇಕು, ತಾಳ್ಮೆ ಬೇಕು, ಆದರೆ ಕಟ್ಟಿಕೊಳ್ಳುವ ರಗಳೆ ಇಲ್ಲ. ಗಂಜಿಗೆ ನಾನು ಬೆರೆಸುವ ಸೊಪ್ಪಿನ ಪುಡಿಯೊಂದಿದೆ, ಅದು ಸೇರಿದರೆ ಮೊಲ ತಾನಾಗಿ ಬಾಯಿ ಚಾಚುತ್ತದೆ. ಇನ್ನೂ ನಾಲ್ಕಾರು ಮೊಲಗಳ ಮೇಲೆ ನೋಡುವವರೆಗೆ ಅದರ ಹೆಸರು ನನ್ನಲ್ಲೇ ಇರಲಿ.

ಸಿರಿಂಜ್ ಹೋಗಬೇಕಾದದ್ದು ಪಕ್ಕದಿಂದ, ಬಾಚಿಹಲ್ಲಿನ ಹಿಂದಿನ ಖಾಲಿ ಜಾಗಕ್ಕೆ. ತಲೆ ನೆಲಕ್ಕೆ ಸಮನಾಗಿರಲಿ, ಮೇಲಕ್ಕೆತ್ತಿದರೆ ಗಂಜಿ ಶ್ವಾಸಕೋಶಕ್ಕಿಳಿಯುತ್ತದೆ. ಅರ್ಧ ಮಿ.ಲೀ. ಹಾಕಿ, ಅಗಿದು ನುಂಗುವವರೆಗೆ ಕೈ ತಡೆಯಬೇಕು. ಅಗಿಯುವುದು ನಿಂತರೆ ಅವತ್ತಿನ ಆ ಊಟ ಅಲ್ಲಿಗೇ ಮುಗಿಯಿತು. ಪ್ರತಿ ಊಟಕ್ಕೂ ಮೊದಲು ಎಡಪಕ್ಕೆಯ ಹಿಂದೆ ಮುಟ್ಟಿ ನೋಡುತ್ತೇನೆ. ಹಿಂದಿನ ಊಟ ಇಳಿಯದೆ ಹೊಟ್ಟೆ ತುಂಬಿದಂತೆಯೇ ಇದ್ದರೆ ಸಿರಿಂಜ್ ಕೆಳಗಿಟ್ಟು ವೈದ್ಯರಿಗೆ ಫೋನ್ ಮಾಡುತ್ತೇನೆ. ಪಕ್ಕದಲ್ಲಿ ಹುಲ್ಲು, ಕೊತ್ತಂಬರಿ ಸೊಪ್ಪು ಸದಾ ಇರಲಿ. ಜೊತೆಗಾರ ಮೊಲವಿದ್ದರೆ ಬೇರ್ಪಡಿಸಬೇಡಿ, ಅದು ತಿನ್ನುವ ಸದ್ದಿಗೆ ಇದೂ ಬಾಯಿ ಹಾಕುತ್ತದೆ.

ಈಗ ಹಣದ ಮಾತು. ಅನಾನಸ್ ರಸ, ಪಪ್ಪಾಯಿ ಮಾತ್ರೆ, ಕೂದಲುಂಡೆಗೆಂದು ಬೆಕ್ಕಿಗೆ ಕೊಡುವ ಪೇಸ್ಟ್, ಬಗೆಬಗೆಯ ಪ್ರೋಬಯಾಟಿಕ್ ಪುಡಿ, ಇವೆಲ್ಲಕ್ಕೆ ಸುರಿಯುವ ಹಣದಲ್ಲಿ ಹಲ್ಲು ನೋಡಲು ತಲೆಯ ಎಕ್ಸ್-ರೇ ಒಂದನ್ನು ಆರಾಮವಾಗಿ ತೆಗೆಸಬಹುದು. ಹಣ್ಣಿನ ಕಿಣ್ವಗಳು ಕೂದಲನ್ನು ಕರಗಿಸುವುದಿಲ್ಲ. ಮೊಲದ ಹೊಟ್ಟೆಯಲ್ಲಿ ಕೂದಲು ಯಾವಾಗಲೂ ಇರುತ್ತದೆ. ಕರುಳು ನಿಂತು ನೀರು ಹೀರಿಹೋದ ಮೇಲೆ ಅದು ಗಟ್ಟಿ ಉಂಡೆಯಾಗುತ್ತದೆ, ಅಂದರೆ ಉಂಡೆ ರೋಗದ ಫಲ, ಅದಕ್ಕೆ ಮದ್ದು ನೀರು. ಹಣ್ಣಿನ ರಸದ ಸಕ್ಕರೆಯಿಂದ ಕುರುಡುಕರುಳಿನಲ್ಲಿ ಬೇಡದ ಸೂಕ್ಷ್ಮಾಣುಗಳು ಹೆಚ್ಚಿ ಅನಿಲ ತುಂಬುವುದು ಬೇರೆ. ಮಕ್ಕಳ ಹೊಟ್ಟೆಯುಬ್ಬರಕ್ಕೆ ಹಾಕುವ ಸಿಮೆಥಿಕೋನ್ ಹನಿಯಿಂದ ಕೆಡುಕಿಲ್ಲ, ದೊಡ್ಡ ಗುಣವನ್ನೂ ನಾನು ಕಾಣಲಿಲ್ಲ.

ಖರ್ಚಿಗೆ ತಕ್ಕ ಫಲ ಸಿಕ್ಕಿದ್ದು ಹಲ್ಲಿನಲ್ಲಿ. ಕರುಳು ನಿಲ್ಲುವುದು ಬಹುಪಾಲು ಬೇರೊಂದು ತೊಂದರೆಯ ಲಕ್ಷಣ: ದವಡೆ ಹಲ್ಲಿನ ಮುಳ್ಳು, ಕೀಲುನೋವು, ಮೂತ್ರಕೋಶದ ಕೆಸರು, ಬೊಜ್ಜು. ಮೊಲದ ಹಲ್ಲು ಸಾಯುವವರೆಗೂ ಬೆಳೆಯುತ್ತಲೇ ಇರುತ್ತದೆ. ಸವೆಯದೆ ಉಳಿದ ಅಂಚು ನಾಲಿಗೆಗೂ ಕೆನ್ನೆಗೂ ಚುಚ್ಚುತ್ತದೆ, ಮೊಲ ಹುಲ್ಲು ಬಿಟ್ಟು ಮೆತ್ತಗಿನದನ್ನಷ್ಟೇ ಆರಿಸಿ ತಿನ್ನುತ್ತದೆ, ನಾರು ಕಡಿಮೆಯಾಗಿ ಕರುಳು ಸೋಲುತ್ತದೆ. ಎಚ್ಚರವಿರುವ ಮೊಲದ ಬಾಯಲ್ಲಿ ದೀಪ ಹಾಕಿ ನೋಡಿದರೆ ಹಿಂದಿನ ಹಲ್ಲು ಪೂರ್ತಿ ಕಾಣುವುದಿಲ್ಲ, ಅರಿವಳಿಕೆ ಕೊಟ್ಟೇ ನೋಡಿಸಬೇಕು. ಅದಕ್ಕೂ ಮೊದಲು ಉಪವಾಸ ಇರಿಸಿ ಎಂದು ಯಾರಾದರೂ ಹೇಳಿದರೆ, ಆ ವೈದ್ಯರಿಗೆ ಮೊಲದ ಅಭ್ಯಾಸವಿಲ್ಲ. ಹಾಗೆಯೇ ಬಾಯಿಗೆ ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಬರೆದುಕೊಟ್ಟರೆ ಚೀಟಿಯನ್ನು ಮಡಿಸಿಟ್ಟು ಬೇರೆ ವೈದ್ಯರನ್ನು ಕಾಣಿ. ಅವು ಮೊಲದ ಕುರುಡುಕರುಳಿನ ಒಳ್ಳೆಯ ಸೂಕ್ಷ್ಮಾಣುಗಳನ್ನು ಕೊಂದು, ಪ್ರಾಣಕ್ಕೇ ಎರವಾಗುತ್ತವೆ.

ಇನ್ನು ನನ್ನದೇ ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಕೆಲಸ, ಹಿಕ್ಕೆಯ ತೂಕ. ಎಲ್ಲರೂ ಎಣಿಸುತ್ತಾರೆ. ದಿನಕ್ಕೆ 200–300 ಬೀಳುವಾಗ ಎಣಿಸಿ ಸುಸ್ತಾಗುವುದೇ ಹೊರತು, ಅರ್ಧ ಗಾತ್ರದ ಇನ್ನೂರು ಹಿಕ್ಕೆಯೂ ಎಣಿಕೆಯಲ್ಲಿ ಇನ್ನೂರೇ. ನಾನು ದಿನಾ ಒಂದೇ ಹೊತ್ತಿಗೆ ಗುಡಿಸಿ, ಕಾಗದದ ಮೇಲೆ ಹರಡಿ, ಮರುದಿನ ಒಣಗಿದ ಮೇಲೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗುತ್ತೇನೆ. ಈ ಮೊಲಕ್ಕೆ ಸಹಜ ಅಂದರೆ 35–40 ಗ್ರಾಂ. 30ಕ್ಕೆ ಇಳಿದರೆ ಪೆಲೆಟ್ ನಿಲ್ಲಿಸಿ ಹುಲ್ಲು ಮತ್ತು ಒದ್ದೆ ಸೊಪ್ಪು, 25ಕ್ಕೆ ಇಳಿದರೆ ಥರ್ಮಾಮೀಟರ್ ಕೈಗೆ ತೆಗೆದುಕೊಂಡು ವೈದ್ಯರಿಗೆ ಫೋನ್. ಮೊಲ ಪೆಲೆಟ್ ತಿನ್ನುವುದನ್ನು ಬಿಡುವುದಕ್ಕೆ ಒಂದು ದಿನ ಮೊದಲೇ ತಕ್ಕಡಿ ಹೇಳಿಬಿಡುತ್ತದೆ. ಈ ಒಂದು ದಿನದಿಂದಲೇ ಆಸ್ಪತ್ರೆಯ ಖರ್ಚು ಕಾಲುಭಾಗಕ್ಕೆ ಇಳಿದಿದೆ. ವ್ಯಾಸವನ್ನೂ ನೋಡಿ: 8–10 ಮಿ.ಮೀ. ಇದ್ದದ್ದು 5ಕ್ಕೆ ಬಂದರೆ, ಕೂದಲಿನಲ್ಲಿ ಸರದಂತೆ ಪೋಣಿಸಿಕೊಂಡು ಬಂದರೆ, ಲೋಳೆ ಸುತ್ತಿದ್ದರೆ, ತೂಕ ಸರಿಯಿದ್ದರೂ ಬಿಡಬಾರದು.

ಬಿಡುವಿದ್ದಾಗ ಮಾಡಿ ನೋಡಿದ ಕೆಲವು. ನಳಿಗೆಯ ಬಾಟಲಿ ತೆಗೆದು ಭಾರದ ಬಟ್ಟಲಲ್ಲಿ ನೀರಿಟ್ಟರೆ ಕುಡಿಯುವುದು ಕಣ್ಣಿಗೆ ಕಾಣುವಷ್ಟು ಹೆಚ್ಚಿತು. ಪೆಲೆಟ್ಟನ್ನು ದಿನಕ್ಕೆ ಕೆ.ಜಿ.ಗೆ 25 ಗ್ರಾಂನಿಂದ 10ಕ್ಕೆ ಇಳಿಸಿದಾಗ ಮೊದಲ ವಾರ ಮೈತೂಕ ತುಸು ಇಳಿದು, ಹುಲ್ಲು ತಿನ್ನುವುದು ಜಾಸ್ತಿಯಾಗಿ ಮತ್ತೆ ಹತ್ತಿತು. ಪೂರ್ತಿ ನಿಲ್ಲಿಸಿದಾಗ ಮಾತ್ರ ರೋಮದ ಹೊಳಪು ಕುಂದಿತು, ಹಾಗಾಗಿ 10ರಲ್ಲೇ ನಿಂತಿದ್ದೇನೆ. ಕುದುರೆ ಮೆಂತೆಯ (ಆಲ್ಫಾಲ್ಫಾ) ಒಣಹುಲ್ಲು ಬಲು ಇಷ್ಟ, ಆದರೆ ಅದರಲ್ಲಿ ಸುಣ್ಣದಂಶ ಹೆಚ್ಚು, ಮೂತ್ರ ಸುಣ್ಣದ ನೀರಿನಂತೆ ಬೆಳ್ಳಗಾಯಿತು. ಚೇತರಿಕೆಯ ಮೊದಲ ಎರಡು ದಿನ ಬಾಯಿ ರುಚಿಗೆ ಒಂದು ಚಿಟಿಕೆಯಷ್ಟೇ ಈಗ. ಆರೋಗ್ಯದ ಮೊಲದ ಮೆತ್ತನೆ ಹಿಕ್ಕೆಯನ್ನು ಕಾಯಿಲೆಯ ಮೊಲಕ್ಕೆ ಕೊಡುವ ಕ್ರಮವೂ ಇದೆ. ಅದನ್ನು ಮೊಲ ಬಿಡುವ ಗಳಿಗೆಯಲ್ಲೇ ತಿಂದುಬಿಡುವುದರಿಂದ ಸಂಗ್ರಹಿಸುವುದೇ ದೊಡ್ಡ ಕೆಲಸ. ಅದಕ್ಕೆ ನಾನು ಕಂಡುಕೊಂಡ ಉಪಾಯ ಇನ್ನೂ ಪಕ್ಕಾ ಆಗಿಲ್ಲ.

ಸಿರಿಂಜ್ ಬಿಡಿಸುವುದೂ ತೂಕ ನೋಡಿಯೇ. ಒಣ ಹಿಕ್ಕೆ ಸತತ ಮೂರು ದಿನ 30 ಗ್ರಾಂ ದಾಟಬೇಕು, ಮೊಲ ತಾನಾಗಿ ಹುಲ್ಲು ಎಳೆದು ತಿನ್ನುತ್ತಿರಬೇಕು. ಆಗ ದಿನಕ್ಕೊಂದು ಊಟದಂತೆ ಕಡಿಮೆ ಮಾಡುತ್ತಾ, ರಾತ್ರಿಯದನ್ನು ಕೊನೆಗೆ ಬಿಡುತ್ತೇನೆ. ಬಿಳಿ ಮೈಮೇಲೆ ಅಲ್ಲಲ್ಲಿ ಮಾತ್ರ ಚುಕ್ಕೆಯಿರುವ ಮೊಲ ನಿಮ್ಮದಾಗಿದ್ದು, ಹಿಕ್ಕೆ ಮೊದಲಿನಿಂದಲೂ ದೊಡ್ಡದಾಗಿ, ಉದ್ದುದ್ದವಾಗಿ ಬೀಳುತ್ತಿದ್ದರೆ ನನ್ನ ಅಂಕಿಗಳನ್ನು ಬಳಸಬೇಡಿ. ಅದು ಹುಟ್ಟಿನಿಂದ ಬಂದ ಮೆಗಾಕೋಲನ್ (ದೊಡ್ಡಕರುಳು ಹಿಗ್ಗಿ ಸರಿಯಾಗಿ ಓಡದ ತೊಂದರೆ) ಇರಬಹುದು. ಅಂಥ ಮೊಲಕ್ಕೆ ಅದು ಚೆನ್ನಾಗಿರುವ ದಿನಗಳಲ್ಲಿ ತೂಗಿ, ಅದರದ್ದೇ ಬೇರೆ ಲೆಕ್ಕ ಕಟ್ಟಿಕೊಳ್ಳಬೇಕು.